ಎಕ್ಸೆಲ್‌ನಲ್ಲಿ ಟೂವಾ ಯಾವ ಕಾಲಂ?

ನನಗೊಂದು ಕೆಟ್ಟ ಚಾಳಿಯಿದೆ. ಎರಡು ವಸ್ತು ಕಣ್ಣಿಗೆ ಬಿದ್ದರೆ ಸಾಕು, ಯಾವುದು ಮೇಲು ಎಂದು ತೂಗಿ ನೋಡದೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಬೆಂಗಳೂರಿನಲ್ಲಿದ್ದಾಗ ಒಂದು ಮಿಕ್ಸಿಗಾಗಿ ಹನ್ನೊಂದು ಅಂಗಡಿ ಸುತ್ತಿ, ಕೊನೆಗೆ ಮೊದಲನೆಯ ಅಂಗಡಿಗೇ ಹೋಗಿ, "ಈಗಷ್ಟೇ ಖಾಲಿಯಾಯ್ತು ಸಾರ್" ಎಂದು ಹೇಳಿಸಿಕೊಂಡು ಬಂದವನು ನಾನು. ಹೆಂಡತಿ ಸುಮಾ ನನ್ನನ್ನು ಒಂದೇ ನೋಟಕ್ಕೆ ಒಪ್ಪಿಕೊಂಡಳು. ಪುಣ್ಯಾತ್ಗಿತ್ತಿ ಹೋಲಿಸಿ ನೋಡಿದ್ದರೆ ನನ್ನ ಗತಿಯೇನು!

ಸ್ವೀಡನ್ನಿನ ಓರೆಬ್ರೂ ನಗರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯಲ್ಲಿ ಈಗ ನಮ್ಮ ವಾಸ. ಒಂದು ಅಂಗಡಿ, ಒಂದು ಬಸ್ ಸ್ಟಾಪು. ಶಾಲೆ ಮಾತ್ರ ಎರಡು. ರಸ್ತೆಯ ಈಚೆಗೆ ಕೊಮ್ಮುನ್, ಅಂದರೆ ನಮ್ಮ ಪಂಚಾಯ್ತಿಯಂಥದ್ದು, ನಡೆಸುವ ಶಾಲೆ. ಆಚೆಗೆ ಫ್ರಿಸ್ಕೂಲಾ: ಸರ್ಕಾರದ ದುಡ್ಡಿನಲ್ಲೇ ಊರಿನ ತಂದೆತಾಯಂದಿರು ಸೇರಿ ನಡೆಸುವ, ಫೀಸಿಲ್ಲದ ಶಾಲೆ. ಮಗಳು ಇಂಚರಾಗೆ ಆರು ತುಂಬಿತು. ನಾನು ಎಕ್ಸೆಲ್ ತೆರೆದೆ.

ಹದಿನಾಲ್ಕು ಕಾಲಂ ಎಳೆದೆ. ರ‍್ಯಾಂಕ್ ವಿಚಾರಿಸಿದರೆ, ಚಿಕ್ಕ ಮಕ್ಕಳಿಗೆ ಮಾರ್ಕ್ಸೇ ಇಲ್ಲವಂತೆ! ಊಟ ಎರಡಕ್ಕೂ ಒಂದೇ ವ್ಯಾನಿನಲ್ಲಿ ಬರುತ್ತದೆ. ಸಂಗೀತದ ಮೇಷ್ಟ್ರೂ ಒಬ್ಬರೇ. ಸೋಮವಾರ ಈಚೆ, ಮಂಗಳವಾರ ಆಚೆ. ಸರಿ, ಇಂಟರ್‌ವ್ಯೂನಲ್ಲಿ ಬಣ್ಣ ಬಯಲಾಗಲಿ ಎಂದು ಕೋಟು ತೊಟ್ಟು, ಮಗಳಿಗೆ ಹನ್ನೆರಡರ ಮಗ್ಗಿಯವರೆಗೆ ಬಾಯಿಪಾಠ ಮಾಡಿಸಿ ಕರೆದೊಯ್ದೆ. ಆಚೆ ಶಾಲೆಯ ಹೆಡ್‌ಮಿಸ್ ಇಡೀ ಮಗ್ಗಿಯನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಒಂದೇ ಪ್ರಶ್ನೆ ಹಾಕಿದರು: "ಮಳೆಯಲ್ಲಿ ಹೊರಗೆ ಆಡಲು ಮಳೆ ಪ್ಯಾಂಟ್ ಇದೆಯಾ?" ಇರಲಿಲ್ಲ. ಫೇಲಾದೆವೆಂದೇ ಅಂದುಕೊಂಡೆ. ಅಲ್ಲಿಂದ ನೇರ ಹೋಗಿ ಕೊಂಡುಕೊಂಡೆ. ಈಚೆಯವರೂ ಅದನ್ನೇ ಕೇಳಿದಾಗ ಎದೆಯುಬ್ಬಿಸಿ ತೋರಿಸಿದೆ.

ಕೊನೆಗೆ ಆಚೆ ಶಾಲೆ ಅರ್ಧ ಪಾಯಿಂಟಿನಿಂದ ಗೆದ್ದಿತು. ಅದರ ಜಾರುಬಂಡೆ ತುಸು ಉದ್ದ. ಈ ಮಹಾಕಾರ್ಯವನ್ನು ಪಕ್ಕದ ಮನೆಯ ಆಂಡರ್ಸ್‌ಗೆ ಕಾಫಿ ಕುಡಿಯುತ್ತಾ ತೋರಿಸಿದೆ. ಅವನು ಕಣ್ಣರಳಿಸಿ, ನನಗೂ ಕಳಿಸು ಎಂದ. ಹೆಮ್ಮೆಯಿಂದ ಕಳಿಸಿದೆ.

ಇಂಚರಾ ಮಾತ್ರ ಪರದೆಯನ್ನೇ ದಿಟ್ಟಿಸಿ, "ಅಪ್ಪಾ, ಇದ್ರಲ್ಲಿ ಟೂವಾ ಯಾವ ಕಾಲಂ?" ಎಂದಳು. ಟೂವಾ ಆಂಡರ್ಸ್‌ನ ಮಗಳು, ಈಚೆ ಶಾಲೆಗೆ ಹೆಸರು ಹಚ್ಚಿದವಳು. "ಅವ್ಳಿಲ್ದೆ ನಾನು ಹೋಗಲ್ಲ. ನೇಯ್! ಇಲ್ಲಾಂದ್ರೆ ಇಲ್ಲ!"

"ರೀ, ಮಗೂಗೆ ಇರೋಳು ಒಬ್ಳೇ ಫ್ರೆಂಡು," ಎಂದಳು ಸುಮಾ. "ಜಾರುಬಂಡೆ ಪಕ್ಕ ಕೂತು ಊಟ ಮಾಡ್ತಾಳಾ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಹದಿನಾಲ್ಕೂ ಕಾಲಂ ಅಳಿಸಿ, ಯಾರಿಗೂ ಹೇಳದೆ ಈಚೆ ಶಾಲೆಗೆ ಅರ್ಜಿ ಹಾಕಿದೆ.

ಶಾಲೆಯ ಮೊದಲ ದಿನ ಇಂಚರಾ ಮಳೆ ಪ್ಯಾಂಟ್ ತೊಟ್ಟು ಗೇಟಿನಲ್ಲಿ ಕಾದಳು. ಟೂವಾ ಬರಲಿಲ್ಲ. ನೋಡಿದರೆ ರಸ್ತೆಯಾಚೆ, ಆ ಉದ್ದದ ಜಾರುಬಂಡೆಯ ಮೇಲೆ ನಿಂತು ಕೈ ಬೀಸುತ್ತಿದ್ದಾಳೆ! ಆಂಡರ್ಸ್ ಓಡಿ ಬಂದ. "ಅಯ್ಯೋ, ನಿನ್ನ ಶೀಟ್ ನೋಡಿಯೇ ನಾವು ಶಾಲೆ ಬದಲಾಯಿಸಿದ್ದು. ಇಂಚರಾ ಜೊತೆಗಿರುತ್ತಾಳಲ್ಲ ಅಂತ!" ಆಚೆ ಶಾಲೆಗೆ ಓಡಿದೆ. ಟೂವಾಗೆ ಸಿಕ್ಕಿದ್ದೇ ಕೊನೆಯ ಸೀಟಂತೆ. ಮಿಕ್ಸಿ ಅಂಗಡಿಯವನು ಕಣ್ಣಮುಂದೆ ಬಂದ.

ಇಂಚರಾ ನನ್ನೊಡನೆ ಮಾತು ಬಿಟ್ಟು ಮೂರು ದಿನವಾಯಿತು. ಕಾಗದದ ಮೇಲೆ ಎರಡು ಕಾಲಂ ಎಳೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಒಂದರ ಮೇಲೆ 'ಟೂವಾ ಅಪ್ಪ', ಇನ್ನೊಂದರ ಮೇಲೆ 'ನನ್ನ ಅಪ್ಪ'. ನನ್ನ ಕಡೆ ಇನ್ನೂ ಸೊನ್ನೆ. ಮಳೆ ಪ್ಯಾಂಟಿಗಾದರೂ ಅರ್ಧ ಪಾಯಿಂಟ್ ಕೊಟ್ಟಾಳೇನೋ ಎಂದು, ನೀರು ಕುಡಿಯುವ ನೆಪದಲ್ಲಿ ದಿನಕ್ಕೆ ಹತ್ತು ಸಲ ಫ್ರಿಜ್ಜಿನ ಕಡೆ ಹೋಗಿಬರುತ್ತಿದ್ದೇನೆ.