ಬೂಷ್ಟಿನ ಮಾತು ಕೇಳುವ ಭಾವ

ನಮ್ಮ ಭಾವನವರಿಗೆ ಹೆಂಡತಿಗಿಂತ ಬೂಷ್ಟಿನ ಮೇಲೇ ನಂಬಿಕೆ ಜಾಸ್ತಿ. ತಮಾಷೆಯಲ್ಲ ಸ್ವಾಮಿ! ವಿಶಾಖಪಟ್ಟಣದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಬೂಷ್ಟು ಬೆಳೆಸುವುದೇ ಅವರ ಕೆಲಸ. ಪ್ರೋಟೀನು ಕಟ್ಟಲು ಬೇಕಾದ ಅಮೈನೋ ಆಮ್ಲಗಳನ್ನು ಅದರ ಜೀವಕೋಶಗಳು ಎಷ್ಟು ಜಾಣತನದಿಂದ ಬಳಸುತ್ತವೆಂದು ನೋಡಿ ನೋಡಿ, ಸಂಸಾರವನ್ನೂ ಹಾಗೇ ನಡೆಸಲು ಹೊರಟರು.

ಒಮ್ಮೆ ಅಲ್ಲಿನ ಎಂವಿಪಿ ಕಾಲೋನಿಯ ಅವರ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಆಂಟಿ ತೆಲುಗಿನಲ್ಲಿ 'ತೀಸ್ಕೋಂಡಿ' ಎಂದು ಒಂದು ಡಬ್ಬಿ ಪುಳಿಹೋರ, ಅಂದರೆ ನಮ್ಮ ಪುಳಿಯೋಗರೆ, ಕೊಟ್ಟುಹೋದರು. ಭಾವ ನೇರ ಅಡುಗೆಮನೆಗೆ ನಡೆದು ಗ್ಯಾಸ್ ಆಫ್ ಮಾಡಿದರು! ಕುಕ್ಕರಿನಲ್ಲಿ ಅನ್ನ ಅರ್ಧ ಬೆಂದಿತ್ತು.

'ಹೊರಗಿಂದ ಸಿಕ್ಕಾಗ ಒಳಗೆ ತಯಾರಿಸೋದು ನಿಲ್ಲಿಸಬೇಕು. ಬೂಷ್ಟಿಗೇ ಅಷ್ಟು ಗೊತ್ತು.'

'ಹಾಗಾದ್ರೆ ಬೂಷ್ಟನ್ನೇ ಕಟ್ಟಿಕೊಳ್ಳಬೇಕಿತ್ತು ರೀ!' ಎಂದಳು ಅಕ್ಕ.

ಆ ಪುಳಿಹೋರ ಮೂವರಿಗೆ ಎಲ್ಲಿ ಸಾಲಬೇಕು? ಬಿಸ್ಕೆಟ್ ತಿಂದು ಮಲಗಿದೆವು.

ಮದುವೆ ಊಟದಲ್ಲಂತೂ ಅವರ ಪಕ್ಕ ಕೂರಲೇಬಾರದು. ಬೂಷ್ಟು ಮೊದಲು ತನಗಿಷ್ಟವಾದ ಸಾರಜನಕದ ಆಹಾರ ಮುಗಿಸುತ್ತದಂತೆ, ಅಲ್ಲಿಯವರೆಗೆ ಉಳಿದದ್ದಕ್ಕೆ ಬಾಗಿಲು ಬಂದ್! ಭಾವನೂ ಅಷ್ಟೇ, ಒಬ್ಬಟ್ಟು ಮುಗಿಯದೆ ಎಲೆಗೆ ಅನ್ನ ಬೀಳಲು ಬಿಡುವುದಿಲ್ಲ. ಬಡಿಸುವವರು ಸಾಂಬಾರಿನ ಬಕೆಟ್ ಹಿಡಿದು ನಿಂತಿರಬೇಕು.

ಹೋದ ವರ್ಷ ವಿಜಯವಾಡದ ಪಟಮಟದಲ್ಲಿರುವ ನನ್ನ ಮನೆಗೆ ಬಂದಿದ್ದ ಅಕ್ಕನಿಗೆ ಡೆಂಗಿ ಹಿಡಿಯಿತು. ಆಸ್ಪತ್ರೆಗೆ ಸೇರಿಸಿದೆವು. ಜ್ವರ ಇಳಿದರೂ ಊಟ ಸೇರಲಿಲ್ಲ. ಗಂಜಿ ಕಂಡರೂ ಮುಖ ತಿರುಗಿಸುತ್ತಿದ್ದಳು. ಹೀಗೇ ಆದರೆ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಭಾವನಿಗೆ ಫೋನ್ ಮಾಡಿದೆ.

ಮರುದಿನ ಭಾವ ರೈಲಿಳಿದು ಆಸ್ಪತ್ರೆಗೆ ಬಂದರು. ಎರಡೂ ಕೈಯಲ್ಲಿ ಚೀಲ. ಜೀವಮಾನದಲ್ಲಿ ಕಾಫಿಯನ್ನೂ ಕಾಯಿಸದ ಮನುಷ್ಯ, ಮಂಚದ ತುಂಬ ಡಬ್ಬಿ ಜೋಡಿಸಿದರು. ತಿಳಿಸಾರು, ಕೋಸಂಬರಿ, ಚಿತ್ರಾನ್ನ, ಗೊಜ್ಜು, ಉಪ್ಪಿಟ್ಟು, ಪಾಯಸ. ಬೆರಳಿಗೆಲ್ಲ ಸುಟ್ಟ ಗಾಯ!

'ಇಷ್ಟೊಂದು ಯಾಕೆ ಭಾವ?'

'ಒಂದೇ ಒಂದು ಅಮೈನೋ ಆಮ್ಲ ಕಮ್ಮಿಯಾದ್ರೂ ಬೂಷ್ಟು ಎಲ್ಲವನ್ನೂ ತಯಾರಿಸೋಕೆ ಶುರು ಮಾಡುತ್ತೆ...' ಎಂದವರು ಒಂದು ಡಬ್ಬಿಯ ಮುಚ್ಚಳ ತೆಗೆದರು. 'ಇವಳಿಗೆ ಯಾವುದು ಇಷ್ಟ ಅಂತ ಗೊತ್ತಾಗಲಿಲ್ಲ ಕಣಯ್ಯ. ಇಷ್ಟು ವರ್ಷ ನಾನು ಕೇಳೇ ಇರಲಿಲ್ಲ. ಅದಕ್ಕೇ ಎಲ್ಲಾ ಮಾಡ್ಕೊಂಡು ಬಂದೆ.'

ನನಗೆ ಅಳು ಬಂದುಬಿಟ್ಟಿತು. ಅಕ್ಕ ಮೆಲ್ಲಗೆ ಎದ್ದು ಕೂತಳು. ಭಾವ ಒಂದು ಚಮಚ ಸಾರು ಕುಡಿಸಿದರು.

'ಉಪ್ಪೇ ಹಾಕಿಲ್ಲ ರೀ' ಎಂದಳು ಅಕ್ಕ. ಎಂದು, ಮತ್ತೆ ಬಾಯಿ ತೆರೆದಳು.