ಹಾಡು ಎತ್ತುವವರು ಯಾರು?

ಸಣ್ಣ ಸಭೆಯಲ್ಲಿ ಏನನ್ನೂ ಮುಚ್ಚಿಡಲು ಬರುವುದಿಲ್ಲ, ಹೊಟ್ಟೆಕಿಚ್ಚನ್ನಂತೂ ಸಾಧ್ಯವೇ ಇಲ್ಲ. ಹಾಗಾಗಿ ನಮ್ಮಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ.

ಕಾರಟಗಿಯ ನಮ್ಮ ಪ್ರೆಸ್ಬಿಟೀರಿಯನ್ ಕ್ರೈಸ್ತ ಸಭೆ ಎಂದರೆ ಒಂದು ತಗಡಿನ ಶೆಡ್ಡು, ಗಂಡಸರಿಗೊಂದು ಜಮಖಾನ, ಹೆಂಗಸರಿಗೊಂದು ಜಮಖಾನ. ಹಾರ್ಮೋನಿಯಂ ಇರಲಿಲ್ಲ. ಪಾಸ್ಟರ್ ಹಾಡು ಯಾವುದೆಂದು ಹೇಳಿದ ಕೂಡಲೇ ಯಾರಾದರೊಬ್ಬರು ಮೊದಲ ಸಾಲು ಎತ್ತಬೇಕು, ಉಳಿದವರು ಅದೇ ಶ್ರುತಿಯಲ್ಲಿ ಹಿಂಬಾಲಿಸಬೇಕು. ಎತ್ತುತ್ತಿದ್ದವಳು ನಾನು. ನನಗೆ ಬಂಗಾರವಿಲ್ಲ, ಹೊಲವಿಲ್ಲ, ಇರುವುದೊಂದು ಹೊಲಿಗೆ ಮಷೀನು. ವಾರವೆಲ್ಲಾ ಊರವರ ಜಂಪರ್ ಹೊಲಿಯುವವಳಿಗೆ ಭಾನುವಾರದ ಆ ಒಂದು ಸಾಲೇ ದೊಡ್ಡಸ್ತಿಕೆ.

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಕಾಲಕ್ಕೆ ಶ್ರೀರಾಮನಗರದಿಂದ ಹೊಸಬಳೊಬ್ಬಳು ನಮ್ಮ ಸಭೆಗೆ ಬಂದಳು. ಗಂಡನಿಗೆ ಇಲ್ಲಿಯ ರೈಸ್ ಮಿಲ್ಲಿನಲ್ಲಿ ಕೆಲಸ. ಮನೆಮಾತು ತೆಲುಗು, ಕಂಚಿನ ಕಂಠ. ಮೊದಲ ಭಾನುವಾರವೇ ಸಭೆಯ ಹಿರಿಯರೊಬ್ಬರು, "ಎಂಥಾ ಛಲೋ ದನಿ ಐತಿ ನೋಡ್ರಿ" ಎಂದರು. ಇಷ್ಟು ವರ್ಷದಲ್ಲಿ ಅವರು ನನಗೆ ಹೇಳಿದ್ದು, "ಲಗೂ ಮುಗಸ್ರಿ" ಎಂದಷ್ಟೇ.

ಎತ್ತರ

ಮುಂದಿನ ಭಾನುವಾರ ನಾನು ತುದಿಗಾಲ ಮೇಲೆ ಕೂತಿದ್ದೆ. ಪಾಸ್ಟರ್ ಇನ್ನೂ ಪೂರ್ತಿ ಹೇಳಿರಲಿಲ್ಲ, ಅವಳು ಬಾಯಿ ತೆರೆಯುವುದರೊಳಗೆ ನಾನು ಎತ್ತಿಯೇಬಿಟ್ಟೆ. ಅವಸರದಲ್ಲಿ ಎತ್ತಿದ ಶ್ರುತಿ ಭಾಳ ಮೇಲಾಯಿತು. ಎರಡನೆಯ ಸಾಲಿಗೆ ಗಂಡಸರು ಸುಮ್ಮನಾದರು. ಪಲ್ಲವಿಗೆ ಹೆಂಗಸರು ಕೈಬಿಟ್ಟರು. ಮೂರನೆಯ ಚರಣದಲ್ಲಿ ನನ್ನ ದನಿಯೂ ಸೀಳಿ ಕೆಮ್ಮು ಬಂತು.

ಅವಳೊಬ್ಬಳು ಮಾತ್ರ ಕಣ್ಣು ಮುಚ್ಚಿ, ಅದೇ ಎತ್ತರದಲ್ಲಿ, ಕೊನೆಯ ಸಾಲಿನವರೆಗೂ ಹಾಡಿದಳು.

ಪಾಸ್ಟರ್ ಎದ್ದು ನಿಂತು ಹೇಳಿದರು: "ವಿಶೇಷ ಗೀತೆ ಹಾಡಿದ ಸಿಸ್ಟರಿಗೆ ವಂದನೆಗಳು. ಈಗ ಎಲ್ಲಾರೂ ಕೂಡಿ ಒಂದು ಹಾಡು ಹಾಡೂಣು."

ಮಜ್ಜಿಗೆ

ಆರಾಧನೆ ಮುಗಿದ ಮೇಲೆ ಪಾಸ್ಟರಿಗೆ ವಾರಕ್ಕೊಂದು ಮನೆಯಲ್ಲಿ ಊಟ. ಅವಳ ಸರದಿಯ ದಿನ ಜವಾರಿ ಕೋಳಿ, ಪುಂಡಿಪಲ್ಲೆ ಎಲ್ಲಾ ಆಗಿತ್ತೆಂದು ನನಗೆ ಸುದ್ದಿ ಬಂತು. ನಾನು ಬಿಡುತ್ತೇನೆಯೇ? ಮುಂದಿನ ವಾರವೇ ಬಂದ ನನ್ನ ಸರದಿಗೆ ತೆಳ್ಳಗಿನ ಜೋಳದ ರೊಟ್ಟಿ, ಎಣ್ಣೆಗಾಯಿ, ಖೀಮಾ, ಶೇಂಗಾ ಹೋಳಿಗೆ ಮಾಡಿದೆ. ಪಾಸ್ಟರ್ ಕೂತರು, ಎಲ್ಲವನ್ನೂ ನೋಡಿದರು, ಚೀಲದಿಂದ ಒಂದು ಟಿಫಿನ್ ಕ್ಯಾರಿಯರ್ ತೆಗೆದರು.

"ಹೋದ ವಾರದಿಂದ ಹೊಟ್ಟಿ ಸರಿ ಇಲ್ರಿ ಅಮ್ಮಾರ. ಬರೇ ಮಜ್ಜಿಗಿ ಅನ್ನ ತಂದೀನಿ."

ಹೋದ ವಾರ ಎಂದರೆ ಅವಳ ಮನೆಯ ಖಾರ! ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. "ಅಯ್ಯೋ ಪಾಪ, ಪಾಸ್ಟರಮ್ಮಾರು ಮಾಡಿ ಕಟ್ಟಿದ್ರೇನ್ರಿ?" ಎಂದು ಕೇಳಿದೆ.

"ಇಲ್ರಿ, ಶ್ರೀರಾಮನಗರದ ಸಿಸ್ಟರ್ ಕೊಟ್ಟು ಕಳಿಸ್ಯಾರ. ಭಾಳ ಕರುಳಿನ ಹೆಣ್ಣುಮಗಳು."

ನನ್ನ ಮನೆಯಲ್ಲಿ, ನನ್ನ ತಟ್ಟೆಯಲ್ಲಿ, ಅವಳ ಮಜ್ಜಿಗೆ. ಅದಕ್ಕೆ ಉಪ್ಪು ಬಡಿಸಿದವಳು ನಾನು.

ಸರತಿ ಪ್ರಾರ್ಥನೆ

ಬುಧವಾರ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಸುತ್ತಲೂ ಕೂತು ಒಬ್ಬರಾದ ಮೇಲೊಬ್ಬರು ಪ್ರಾರ್ಥಿಸಬೇಕು, ಆಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಅವಳು ತೆಲುಗು ಕಲಸಿ ಎಷ್ಟು ಚಂದ ಪ್ರಾರ್ಥಿಸಿದಳೆಂದರೆ ಮುದುಕಿಯರು ಕಣ್ಣೊರೆಸಿಕೊಂಡರು. ಮುಂದಿನ ಸರದಿ ನನ್ನದು. ಚಂದದಲ್ಲಿ ಗೆಲ್ಲಲಾಗದು, ಉದ್ದದಲ್ಲಾದರೂ ಗೆಲ್ಲೋಣವೆಂದು ಶುರು ಮಾಡಿದೆ. ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಲಿ ಎಂದೆ. ಪರೀಕ್ಷೆಗೆ ಕೂತ ಮಕ್ಕಳನ್ನು ನೆನೆದೆ. ಅಳವಂಡಿಯಲ್ಲಿರುವ ನನ್ನ ತವರಿನ ಎಮ್ಮೆಯನ್ನೂ ಬಿಡಲಿಲ್ಲ. ಕಡೆಗೆ, "ತಮ್ಮ ದನಿಯ ಮೇಲೆ ಗರ್ವ ಪಡುವವರನ್ನು ತಗ್ಗಿಸು ಕರ್ತನೇ" ಎಂದೆ.

ಎಲ್ಲರಿಗಿಂತ ಜೋರಾಗಿ, ಮನಸಾರೆ, "ಆಮೆನ್" ಎಂದವಳು ಅವಳೇ.

ಅಷ್ಟರಲ್ಲಿ ಮಂಡಕ್ಕಿ ಮೆತ್ತಗಾಗಿತ್ತು, ಮಿರ್ಚಿ ಆರಿಹೋಗಿತ್ತು. ನನ್ನ ಪಕ್ಕದಲ್ಲಿದ್ದ ನಮ್ಮ ಯಜಮಾನರ ಸರದಿ ಬಂತು. ಅವರು ಮಿರ್ಚಿಯ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚಿದರು.

"ಕರ್ತನೇ, ನನ್ನ ಹೇಣ್ತಿ ಹೇಳಿದ್ದೆಲ್ಲಾ ನಿನಗ ಮೊದಲ ಗೊತ್ತಿತ್ತು. ಆಮೆನ್."

ಸೆರಗು

ಸುಗ್ಗಿ ಹಬ್ಬಕ್ಕೆ ಎಲ್ಲರೂ ಮನೆಯಿಂದ ಏನಾದರೂ ಬೆಳೆ, ಕಾಯಿ, ಕೋಳಿ ಕಾಣಿಕೆ ತರುತ್ತೇವೆ. ಆರಾಧನೆಯ ಕೊನೆಗೆ ಅಲ್ಲಿಯೇ ಹರಾಜು. ಯಾರ ಕಾಣಿಕೆಗೆ ಹೆಚ್ಚಿನ ಬೆಲೆ ಬರುತ್ತದೋ ಆ ಮನೆಯವರು ಮುಂದೆ ನಿಂತು ಸ್ತೋತ್ರದ ಹಾಡು ಎತ್ತಬೇಕು. ಆ ವರ್ಷ ಕುಷ್ಟಗಿ, ಯಲಬುರ್ಗಾ ಕಡೆಯ ಸಭೆಗಳವರೂ ಬರುವವರಿದ್ದರು. ಅಷ್ಟು ಜನರೆದುರು ಹಾಡನ್ನು ಅವಳು ಎತ್ತಿಬಿಟ್ಟರೆ ಆಮೇಲೆ ನನ್ನನ್ನು ಕೇಳುವವರು ಯಾರು?

ನನ್ನ ಕೋಳಿಗೆ ನಾವೇ ಬೆಲೆ ಏರಿಸುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಯಜಮಾನರಿಗೆ ಮನೆಯಲ್ಲೇ ಹೇಳಿಕೊಟ್ಟೆ. "ನೀವು ಗಂಡಸರ ಕಡೆ ಕುಂತಿರ್ತೀರಿ, ಕೂಗಿ ಹೇಳಾಕ ಬರೂದಿಲ್ಲ. ನಾ ತಲಿ ಮ್ಯಾಲೆ ಸೆರಗ ಎಳಕೊಂಡ ಕೂಡ್ಲೆ ಬೆಲಿ ಏರಸ್ರಿ. ಯಾಕ, ಏನು ಅಂತ ಕೇಳಬ್ಯಾಡ್ರಿ."

ನನ್ನ ಕೋಳಿ ಮೊದಲು ಬಂತು. ಸೆರಗು ಎಳೆದುಕೊಂಡೆ. ಯಜಮಾನರು ಹೊರಗಿನ ಬಿರಿಯಾನಿ ಹಂಡೆ ನೋಡುತ್ತಿದ್ದರು. ಕೋಳಿ ಅಗ್ಗಕ್ಕೆ ಹೋಯಿತು. ನಾನು ಕಣ್ಣು ಕೆಕ್ಕರಿಸಿದೆ. ಅಲ್ಲಿಂದ ಮುಂದೆ ಅವರು ನನ್ನ ಸೆರಗಿನ ಮೇಲಿಂದ ಕಣ್ಣು ಕೀಳಲಿಲ್ಲ.

ಮುಂದೆ ಬಂದದ್ದು ಅವಳ ಕುಂಬಳಕಾಯಿ. ಕುಷ್ಟಗಿಯವರೊಬ್ಬರು ಒಂದು ಬೆಲೆ ಕೂಗಿದರು. ಹರಾಜು ನಡೆಸುತ್ತಿದ್ದವರು ಯಲಬುರ್ಗಾದ ವಯಸ್ಸಾದ ಪಾಸ್ಟರ್, ಪ್ರಾರ್ಥನೆಯೆಂದರೆ ಪ್ರಾಣ. "ಸ್ತೋತ್ರ! ಈ ಮನಿ ಸಲುವಾಗಿ ಒಂದು ಸಣ್ಣ ಪ್ರಾರ್ಥನಾ ಮಾಡೂಣು" ಎಂದರು.

ಪ್ರಾರ್ಥನೆ ಎಂದ ಕೂಡಲೇ ಹೆಂಗಸರು ತಲೆ ಮೇಲೆ ಸೆರಗು ಎಳೆದುಕೊಳ್ಳುವುದು ನಮ್ಮ ರೂಢಿ. ಹುಟ್ಟಿದಾಗಿನಿಂದ ಮಾಡುತ್ತಾ ಬಂದದ್ದು, ಕೈ ತಾನೇ ಹೋಯಿತು. ಆಮೆನ್ ಮುಗಿಯುವುದಕ್ಕಿಲ್ಲ, ಯಜಮಾನರು ಬೆಲೆ ಏರಿಸಿದರು. ಯಲಬುರ್ಗಾದ ಪಾಸ್ಟರಿಗೆ ಆನಂದವಾಗಿ ಇನ್ನೊಂದು ಪ್ರಾರ್ಥನೆ. ನನ್ನದು ಹಬ್ಬದ ಹೊಸ ಪಾಲಿಸ್ಟರ್ ಸೀರೆ, ಸೆರಗು ಜಾರಿತ್ತು, ಮತ್ತೆ ಎಳೆದುಕೊಂಡೆ. ಯಜಮಾನರು ಮತ್ತೆ ಏರಿಸಿದರು. ಕುಷ್ಟಗಿಯವರು ಎಂದೋ ಕೈಬಿಟ್ಟಿದ್ದರು. ನಮ್ಮವರು ತಮ್ಮ ಬೆಲೆಯ ಮೇಲೆ ತಾವೇ ಏರಿಸುತ್ತಿದ್ದರು. ಬೇಡವೆಂದು ತಲೆಯಾಡಿಸಿದೆ, ಸೆರಗು ಜಾರಿತು, ಎಳೆದುಕೊಂಡೆ.

ಕುಂಬಳಕಾಯಿ ಬಂದು ನಮ್ಮವರ ತೊಡೆಯ ಮೇಲೆ ಕೂತಿತು. ಅವಳು ಕಣ್ಣೀರು ಒರೆಸಿಕೊಳ್ಳುತ್ತಾ ಮುಂದೆ ಹೋಗಿ ನಿಂತಳು.

"ನಾವು ಹೊರಗಿನಿಂದ ಬಂದವರು. ನಮ್ಮ ಕಾಯಿಗೆ ಇಷ್ಟು ಮರ್ಯಾದಿ ಕೊಟ್ಟಿದ್ದು ಈ ಅಕ್ಕನ ಮನೆಯವರೇ. ಹಾಡು ಅಕ್ಕನೇ ಎತ್ತಲಿ" ಎಂದು ನನ್ನ ಕೈ ಹಿಡಿದು ಎಬ್ಬಿಸಿದಳು.

ಅಷ್ಟು ಜನರೆದುರು ನಾನು! ಅವಳ ಮನಸ್ಸು ಬದಲಾಗುವುದರೊಳಗೆ ಎತ್ತಿಬಿಡೋಣವೆಂದು ಎತ್ತಿದೆ. ಭಾಳ ಮೇಲಾಯಿತು. ಎರಡನೆಯ ಸಾಲಿಗೆ ಕುಷ್ಟಗಿಯವರು ಬಿಟ್ಟರು, ಪಲ್ಲವಿಗೆ ಯಲಬುರ್ಗಾದವರು. ಆಮೇಲೆ ನಾನು. ಹಾಡು ಮುಗಿಸಿದವಳು ಅವಳೊಬ್ಬಳೇ. ಎಲ್ಲರೂ ಅವಳಿಗೆ ಚಪ್ಪಾಳೆ ತಟ್ಟಿದರು.

ಮನೆಗೆ ಹೋಗುವಾಗ ಟಂಟಂ ಆಟೋದಲ್ಲಿ ನಾನೂ ಯಜಮಾನರೂ ಕೂತೆವು. ನಮ್ಮ ನಡುವೆ ಕುಂಬಳಕಾಯಿ. ಕಾಲುವೆಯ ಕಡೆಯಿಂದ ಗಾಳಿ ಬಂತು, ಚಳಿಯೆನಿಸಿ ಸೆರಗು ತಲೆ ಮೇಲೆ ಎಳೆದುಕೊಂಡೆ.

ಯಜಮಾನರು ಗಾಬರಿಯಾಗಿ ಕಿಸೆ ಹಿಡಿದುಕೊಂಡರು. "ಸೆರಗ ಬಿಡ ಮಾರಾಯ್ತಿ, ಇನ್ನ ನನ್ನ ಕಡೆ ಏನೂ ಉಳಿದಿಲ್ಲ."