ಬಿಚ್ಚದಂಗ ಹೊಲದ ಗಲೀಪ

ಹೊಲಿಗಿ ಮಷಿನ್ನಿನ ಮುಂದ ಕುಂತ ಮ್ಯಾಲೆ ಸೂಜಿ ಮುರಿಯೂದು, ಬೊಟ್ಟು ಚುಚ್ಚೂದು ಇದ್ದದ್ದ. ನನ್ನ ಮಷಿನ್ನಿಗಿ ಅಷ್ಟು ಸಾಲತಿರಲಿಲ್ಲ. ತಿಂಗಳಿಗೊಮ್ಮೆರ ಅದಕ್ಕ ನನ್ನ ಮಾನಾ ತಗೀಬೇಕಿತ್ತು. ನಾ ಸಾಲಿ ಕಂಡಾಕಿ ಅಲ್ಲ, ಇದನ್ನೂ ನಾ ಹೇಳಾಕಿ, ಮೊಮ್ಮಗಳು ಬರಿಯಾಕಿ. ಆದ್ರೂ ಯಾರರ ಹೆಸರು ಬರದು ಕೊಟ್ರ ಹೂವಿನ ಬಳ್ಳಿ ನೋಡಿದಂಗ ನೋಡಿ ತಲಿದಿಂಬಿನ ಗಲೀಪಿನ ಮ್ಯಾಲೆ ಬಣ್ಣದ ದಾರಲೆ ಹೊಲಿತಿದ್ನಿ. ಸವದತ್ತ್ಯಾಗ ನಮ್ಮ ಓಣಿಯ ಗಲೀಪೆಲ್ಲಾ ನನ್ನ ಕಡೆನ ಬರತಿದ್ದುವು.

ಮಗಳ ಲಗ್ನ ರಾಮದುರ್ಗದಾಗ ನಿಕ್ಕಿ ಆದ ವರ್ಷ ಅದು. ಆಕಿಗಿ ಅತ್ತಿ ಆಗಾಕಿ ಯಾರ ಹೊಲಿಗಿ ಕಂಡ್ರೂ ಉಗುರಲೆ ಎಳದು ನೋಡೋ ಹೆಣಮಗಳು. "ಯವ್ವಾ, ನೀ ಹೊಲದ ಗಲೀಪಿನ್ಯಾಗ ಒಂದು ಎಳಿ ಸಡ್ಲಾತಂದ್ರ ನಾ ಸಾಯೂತನಕ ಅನ್ನಿಸ್ಕೋಬೇಕು," ಅಂತ ಮಗಳು ಮೊದಲ ಹೇಳಿಟ್ಟಿದ್ಲು.

ಗಿರಣಿ ತನಕ ಹೋದ ಹೆಸರು

ಬಾಜು ಮನಿಯಾಕಿ ಗಲೀಪಿನ ಮ್ಯಾಲೆ ಗಂಡನ ಹೆಸರು ಹೊಲಿಸ್ಕೊಂಡು ಹೋಗಿ ಎರಡು ದಿನ ಆಗಿತ್ತು. ಗಂಡ ಕಂಡಕ್ಟರ್. ಮುಂಜಾನೆ ಏಳೂಮುಂದ ದಾರದ ತುದಿ ಅವನ ಕೈಗಡಿಯಾರದ ಪಟ್ಟಾಕ್ಕ ಸಿಗಬಿದ್ದೈತಿ, ಮನಷಾಗ ಖಬರಿಲ್ಲ. ಅಂವ ನಡದಂಗೆಲ್ಲಾ ಹಿಂದ ಕೆಂಪು ದಾರ ಉಚ್ಚಿಕೊಂತ ಹೊಂಟೈತಿ. ಹೇಣ್ತಿ ಅದನ್ನ ನೋಡಿ, ಉಂಡಿ ಸುತ್ತಿಕೊಂತ ಬೆನ್ನು ಹತ್ಯಾಳ. ಗಂಡನ ಹೆಸರು ಹಿಡದು ಕರಿಯೂವಂಗಿಲ್ಲ. "ಏನ್ರೀ! ಏನ್ರೀ!" ಅಂದ್ರ ಗಿರಣಿ ಮುಂದ ಬೀಸಾಕ ನಿಂತ ಗಂಡಸರೆಲ್ಲಾ ಹೊಳ್ಳಿ ನೋಡ್ಯಾರ, ಆಕಿ ಗಂಡೊಬ್ಬನ್ನ ಬಿಟ್ಟು.

ಒಬ್ಬ ಮುದುಕ, "ಯಾರನ್ನ ಕರಿಯಾಕತ್ತೀ ತಂಗಿ? ಹೆಸರು ಹೇಳು, ನಾ ಕೂಗತೇನಿ," ಅಂದ.

ಆಕಿ ದಾರದ ಉಂಡಿ ಮುಂದ ಹಿಡದು, "ಬಾಯಿಲೆ ಹೇಳಬಾರದ್ರಿ ಅಜ್ಜಾರ, ಕೈಯಾಗ ತಂದೇನಿ ತಗೋರಿ!" ಅಂದ್ಲು.

ಗಟ್ಟಿ ಕಾಗದ

ಈ ಸುದ್ದಿ ಕೇಳಿ ಮಗಳು ಮಾರಿ ಸಣ್ಣದು ಮಾಡಿದ್ಲು. ನಾ ಬಾಜು ಮನಿಯಾಕಿ ಗಲೀಪ ತಗೊಂಡು ಬಜಾರಕ್ಕ ಓಡಿದ್ನಿ. ಅಲ್ಲೆ ಮಷಿನ್ ಎಂಬ್ರಾಯ್ಡರಿ ಮಾಡೋ ಚಾಚಾ ಒಬ್ರಿದ್ರು. ಬರೇ ತೂತು ಉಳದ ಗಲೀಪ ನೋಡಿ, "ಅವ್ವಾರ, ರಿಂಗಿನ್ಯಾಗ ಅರಿವಿ ಹೋಳಿ ಹಬ್ಬದಾಗ ಬಡಿಯೋ ಹಲಗಿಯಂಗ ಬಿಗಿ ಇರಬೇಕು. ಕೆಳಗಿನ ಬಾಬಿನ್ ದಾರ ಸಡ್ಲ ಬಿಡಬ್ಯಾಡ್ರಿ. ಅಕ್ಷರ ಮುಗದ ಕೂಡ್ಲೆ ತುದಿ ಹಿಂದಕ್ಕ ತಗದು ಗಂಟು ಹಾಕ್ರಿ. ಅರಿವಿ ಹಿಂದ ಏನರ ಆಸರಾ ಕೊಡ್ರಿ, ಗಟ್ಟಿ ಕಾಗದಾದ್ರೂ ನಡೀತೈತಿ," ಅಂದ್ರು.

ಕಿತ್ತೂರಾಗ ದೂರದ ಬಳಗದವರ ಲಗ್ನಿತ್ತು. ಉಡುಗೊರಿ ಗಲೀಪಿಗಿ ಮದುಮಕ್ಕಳ ಹೆಸರು ಲಗ್ನಪತ್ರಿಕಿ ನೋಡೇ ಮೂಡಿಸ್ಕೊಂಡ್ನಿ. ಪತ್ರಿಕಿ ಕೈಯಾಗ ಹಿಡದ್ರ ಭಾಳ ಗಟ್ಟಿ. ಅದನ್ನ ಅರಿವಿ ಹಿಂದ ಇಟ್ಟು ಹೊಲದ ಬಿಟ್ನಿ.

ಕಿತ್ತೂರ ಬಸ್ ಸ್ಟ್ಯಾಂಡಿನ್ಯಾಗ ಇಳದ ಮ್ಯಾಲೆ ನಮ್ಮ ಮನಿಯವರು, "ಯಾವ ಮಂಟಪ? ಪತ್ರಿಕಿ ತಾ," ಅಂದ್ರು. ನಾ ಗಲೀಪ ಒಳಗ-ಹೊರಗ ಮಾಡಿ ಕೊಟ್ನಿ. ಅವರು ಗಲೀಪ ನೋಡಿದ್ರು, ನನ್ನ ನೋಡಿದ್ರು, ಒಬ್ಬ ಆಟೋದಾಂವನ ಕೈಯಾಗ ಕೊಟ್ರು. ಅಂವ ಹೊಲಿಗಿ ಸಂದ್ಯಾಗಿಂದ ಓದಿ ಓದಿ, "ಮಂಟಪದ ಹೆಸರಿನ ಮ್ಯಾಲೆ ಮದುಮಗ ಕುಂತಾನ್ರಿ. ಅವನಷ್ಟು ಬಿಚ್ಚಿದ್ರ ಓದಿ ಹೇಳತೇನಿ," ಅಂದ.

"ಹಂಗಾರ ಈ ಲಗ್ನ ನಮಗ ತಪ್ಪಿತಪ್ಪಾ," ಅಂದ್ರು ನಮ್ಮವರು. "ಇನ್ನ ಮ್ಯಾಲೆ ಒಂದು ಎಳೀನೂ ಬಿಚ್ಚಗೊಡೂದಿಲ್ಲ ಅಂತ ಈಕಿ ಆಣಿ ಮಾಡ್ಯಾಳ!"

ರಾಮದುರ್ಗದ ಪರೀಕ್ಷಾ

ಕಿತ್ತೂರಾಗ ಬ್ಯಾಂಡಿನ ಸಪ್ಪಳದ ಬೆನ್ನು ಹತ್ತಿ ಊಟದ ಹೊತ್ತಿಗಿ ಮುಟ್ಟಿದ್ವಿ ಅನ್ರಿ. ಆದ್ರ ಇನ್ನ ಕಾಗದದ ಸಹವಾಸ ಬ್ಯಾಡ ಅಂದ್ಕೊಂಡ್ನಿ. ಮಗಳ ಗಲೀಪಿಗಿ ಏನ್ ಆಸರಾ ಕೊಡೂದು? ಎರಡು ದಿನ ವಿಚಾರ ಮಾಡಿದ ಮ್ಯಾಲೆ ಹೊಳೀತು ನೋಡ್ರಿ ಶಾಣ್ಯಾತನ: ಅರಿವಿಗಿ ಅರಿವೀನ ಆಸರಾ! ಗಲೀಪಿಗಿ ಹೆಂಗೂ ಎರಡು ಪದರಾ. ಎರಡನ್ನೂ ಕೂಡಿಸಿ ರಿಂಗಿನ್ಯಾಗ ಬಿಗದು, ಅಡ್ಡಗಲಕ್ಕ ಮಗಳ ಹೆಸರು, ಅಳಿಯನ ಹೆಸರು ಹೊಲದ್ನಿ. ಅಕ್ಷರಕ್ಕ ಮೂರು ಮೂರು ಗಂಟು.

ಲಗ್ನದ ಮರುದಿನ ಬೀಗರ ಪಡಸಾಲ್ಯಾಗ ಸಾಮಾನು ಹರವಿದ್ರು. ಬೀಗತಿ ಬಂದ ಕೂಡ್ಲೆ ಗಲೀಪಿಗಿ ಕೈ ಹಾಕಿದ್ರು. ಮಗಳು ಕಂಬದ ಮರಿಗಿ ನಿಂತು ಸೆರಗು ಕಡಿಯಾಕತ್ತಿದ್ಲು. ಬೀಗತಿ ಉಗುರಲೆ ಎಳದ್ರು, ಬರಲಿಲ್ಲ. ಪಿನ್ನಲೆ ಎಬ್ಬಿಸಿದ್ರು, ಬರಲಿಲ್ಲ. ತಮ್ಮ ತಂಗೀನ್ನ ಕರದು, ಒಂದು ತುದಿ ಆಕಿ ಕೈಯಾಗ ಕೊಟ್ಟು, ಇಬ್ಬರೂ ಕಾಲು ಊರಿ ಜಗ್ಗಿದ್ರು. ಒಂದು ಎಳಿ ಅಳ್ಳಾಡಲಿಲ್ಲ.

"ಭೇಷ್ ರೀ ಬೀಗತಿ! ಏ ಸೊಸಿ, ದಿಂಬು ತಾರವಾ, ಹಾಕಿ ಇಡೂಣು," ಅಂದ್ರು.

ಮಗಳು ಎದಿ ಉಬ್ಬಿಸ್ಕೊಂಡು ದಿಂಬು ತಂದು ತುರಕಿದ್ಲು. ಅರ್ಧ ಗೇಣು ಹೋಗಿ ನಿಂತು ಬಿಡ್ತು. ಮತ್ತ ನೂಕಿದ್ಲು. ಒಲ್ಲದು. ಕೈ ಹಾಕಿ ನೋಡಿದ್ರ ಗಲೀಪಿನ ಎರಡೂ ಪದರಾ ಗಂಡ-ಹೇಣ್ತಿ ಹೆಸರಲೆ ಗಟ್ಟಿ ಕೂಡಿ ಬಿಟ್ಟಿದ್ದುವು!

"ಕತ್ರಿ ಕೊಡ್ರಿ, ಈಗ ಬಿಚ್ಚತೇನಿ," ಅಂದ್ನಿ. ಊಟಕ್ಕ ಎಲಿ ಹಾಕೂತನಕ ಕುಂತು ಕೆತ್ತಿದ್ನಿ. ಒಂದು ಅಕ್ಷರದ ಕೊಂಬೂ ಬರಲಿಲ್ಲ.

ಬೀಗತಿ ನಕ್ಕು ನಕ್ಕು ಕಣ್ಣೀರು ಒರಸ್ಕೊಂಡು ಕತ್ರಿ ಕಸಗೊಂಡ್ರು. "ಬಿಡ್ರಿ, ಗ್ವಾಡಿಗಿ ತೂಗ ಹಾಕೂಣು. ಬಿಚ್ಚತೈತಿ ಅಂತ ನಿಮ್ಮ ಮಗಳನ್ನ ಅನ್ನೂಣಂದ್ರ ನನಗ ಬಾಯಿ ಇಲ್ಲದಂಗ ಮಾಡಿದ್ರಿ. ಆದ್ರ ನಮ್ಮ ಸಣ್ಣ ಮಗನ ಲಗ್ನಕ್ಕ ಒಂದೀಟು ಸಡ್ಲ ಹೊಲೀರಿ ಬೀಗತಿ, ಅವನರ ದಿಂಬಿನ ಮ್ಯಾಲೆ ತಲಿ ಇಡಲಿ!"